ಹತ್ತು ಸೆಕೆಂಡಿನ ಮುಯ್ಯಾಳು

ವಿದ್ಯೆ ಬರಬಾರದ ವಯಸ್ಸಿನಲ್ಲಿ ಬಂದರೆ ಮನುಷ್ಯ ಏನಾಗುತ್ತಾನೆ ಎಂಬುದಕ್ಕೆ ಪಿ.ಟಿ. ಮೇಷ್ಟ್ರು ಮೃತ್ಯುಂಜಯನವರೇ ಸಾಕ್ಷಿ. ನಲವತ್ತಮೂರು ವರ್ಷ ಅವರು ಸುಖವಾಗಿದ್ದರು. ಮಗ್ಗೆ ಕಡೆಯ ಒಂದು ಹೈಸ್ಕೂಲಿನಲ್ಲಿ ಬೆಳಿಗ್ಗೆ ಪ್ರಾರ್ಥನೆಗೆ ಹುಡುಗರನ್ನು ಸಾಲಾಗಿ ನಿಲ್ಲಿಸುವುದು, ಮಧ್ಯಾಹ್ನ ಅವರ ಕೈಗೊಂದು ವಾಲಿಬಾಲ್ ಎಸೆದು ಮರದ ಕೆಳಗೆ ಪೇಪರ್ ಓದುವುದು, ಸಂಜೆ ಮನೆಗೆ ಬಂದು, ಆಡಿದ್ದು ಹುಡುಗರಾದರೂ ದಣಿದದ್ದು ತಾವು ಎಂಬಂತೆ ಜಗಲಿಯ ಮೇಲೆ ಕಾಲು ಚಾಚುವುದು. ತೊಂಬತ್ತೆಂಟನೇ ಇಸವಿಯ ಜೂನ್ ತಿಂಗಳಲ್ಲಿ ಸರ್ಕಾರ ಸುಮ್ಮನಿರಲಾರದೆ ಅವರನ್ನು ಹತ್ತು ದಿನದ ತರಬೇತಿಗೆಂದು ಹಾಸನಕ್ಕೆ ಕರೆಸಿಕೊಂಡಿತು. ಹೋಗುವಾಗ ಒಂದು ಬ್ಯಾಗು ಹೊತ್ತು ಹೋದವರು ಬರುವಾಗ ಬ್ಯಾಗಿನ ಜೊತೆಗೆ ವಿಜ್ಞಾನವನ್ನೂ ಹೊತ್ತು ಬಂದರು. ಬ್ಯಾಗನ್ನೇನೋ ಹೊಸಿಲ ಬಳಿ ಇಳಿಸಿದರು. ವಿಜ್ಞಾನವನ್ನು ಇಳಿಸಲಿಲ್ಲ.

"ಲೀಲಾ, ನಮ್ಮ ಮೈಯೊಳಗೆ ಮೂರು ಒಲೆ ಐತೆ, ಗೊತ್ತಾ ನಿಂಗೆ?"

ಹೆಂಡತಿ ಶಿವಲೀಲಾ ಆಗ ಹಸಿ ಸೌದೆಯ ಮುಂದೆ ಕೂತು ಊದುಗೊಳವೆಯಲ್ಲಿ ಪ್ರಾಣವನ್ನೇ ಊದುತ್ತಿದ್ದಳು. ಕಣ್ಣಲ್ಲಿ ನೀರು, ಮೂಗಲ್ಲಿ ಹೊಗೆ.

"ಮನೇಲಿರೋ ಒಂದು ಒಲೆಗೇ ಒಣ ಸೌದೆ ಇಲ್ಲ. ಮೊದ್ಲು ಅದನ್ನ ನೋಡಿ."

"ಕೇಳೇ ಇಲ್ಲಿ. ಮೊದಲನೇದು ಒಣಗಿದ ತೆಂಗಿನ ಗರಿ ಇದ್ದಂಗೆ. ಕಡ್ಡಿ ಗೀರಿದ ತಕ್ಷಣ ಧಗ್ ಅಂತ ಹತ್ಕೊಳ್ತದೆ, ಹತ್ತು ಸೆಕೆಂಡಿಗೆ ಬೂದಿ. ಗುಂಡು ಎಸೆಯೋದು, ನೂರು ಮೀಟರ್ ಓಡೋದು, ಹೋರಿ ಅಟ್ಟಿಸ್ಕೊಂಡು ಬಂದಾಗ ಬೇಲಿ ಹಾರೋದು, ಎಲ್ಲಾ ಇದರಲ್ಲೇ. ಮಾಂಸಖಂಡದಲ್ಲಿ ಮೊದಲೇ ತುಂಬಿಟ್ಟ ಸರಕು ಅದು. ಉರಿಯಕ್ಕೆ ಗಾಳಿನೂ ಬೇಕಿಲ್ಲ. ಆದ್ರೆ ಒಂದ್ಸಲ ಉರಿದ್ರೆ ಮತ್ತೆ ತುಂಬ್ಕೊಳ್ಳಕ್ಕೆ ಮೂರು ನಿಮಿಷ ಸುಮ್ನೆ ಕೂರಬೇಕು."

"ಕೂರೋದು ನಿಮಗೆ ಮೊದಲಿಂದ್ಲೂ ಚೆನ್ನಾಗಿ ಬರ್ತದೆ."

"ಎರಡನೇದು ಪುಳ್ಳೆ ಸೌದೆ. ಒಂದೆರಡು ನಿಮಿಷ ಜೋರಾಗಿ ಉರೀತದೆ, ಆದ್ರೆ ವಿಪರೀತ ಹೊಗೆ. ಮೈಯೊಳಗಿನ ಸಕ್ಕರೆ ಗಾಳಿ ಸಾಲದೆ ಅರೆಬರೆ ಉರಿದು ತೊಡೆ ಎಲ್ಲಾ ಮೆಣಸಿನಕಾಯಿ ಅರೆದಂಗೆ ಆಗ್ತದೆ. ಮೂರನೇದೇ ಹೊಟ್ಟಿನ ಒಲೆ. ಹತ್ತೋದು ನಿಧಾನ, ಹತ್ತಿದ್ರೆ ದಿನವಿಡೀ ಉರಿ. ಉಸಿರಾಡ್ತಾ ಉಸಿರಾಡ್ತಾ ಮೈಯ ಕೊಬ್ಬನ್ನೇ ಕರಗಿಸಿ ಉರಿಸ್ತದೆ. ಮೂರೂ ಯಾವಾಗ್ಲೂ ಒಟ್ಟಿಗೇ ಉರೀತಿರ್ತವೆ, ಕೆಲಸ ನೋಡ್ಕೊಂಡು ಒಂದೊಂದರ ಪಾಲು ಹೆಚ್ಚು ಕಮ್ಮಿ, ಅಷ್ಟೇ."

ಶಿವಲೀಲಾ ಊದುವುದನ್ನು ನಿಲ್ಲಿಸಿ, ಗಂಡನ ಅಂಗಿಯ ಗುಂಡಿಗಳು ಪಡುತ್ತಿದ್ದ ಪಾಡನ್ನು ಒಮ್ಮೆ ನೋಡಿದಳು. "ಕೊಬ್ಬಿಗೆ ಬರ ಇಲ್ಲ ಬುಡಿ. ಒಲೆ ಹಚ್ಚೋರು ಇಲ್ಲ, ಅಷ್ಟೇಯ."

ಮೂಲೆಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಮೇಷ್ಟ್ರ ತಾಯಿ ತಾಯಮ್ಮ ತಲೆ ಎತ್ತಿದರು. "ಲೋ ಮೃತ್ಯುಂಜಯ, ಹತ್ತು ದಿನ ನಿಂಗೆ ಅಲ್ಲಿ ಅಡಿಗೆ ಕಲಿಸಿದ್ರೇನೋ?"

ಅಲ್ಲಿಂದ ಒಂದು ತಿಂಗಳು ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೈಕಾಲು ಆಡಿಸುವ ಹಾಗಿರಲಿಲ್ಲ. ಶಿವಲೀಲಾ ಬಾವಿಯಿಂದ ಎರಡು ಕೊಡ ಹೊತ್ತು ಏರು ಹತ್ತಿದರೆ ಜಗಲಿಯಿಂದ "ಎರಡನೇ ಒಲೆ" ಎಂದು ತೀರ್ಪು ಬರುತ್ತಿತ್ತು. ತಾಯಮ್ಮ ಕೋಳಿಗೆ ಕೋಲು ಎಸೆದರೆ "ಅವ್ವಂದು ಮೊದಲನೇದು". (ಲಿಂಗಾಯತರ ಮನೆಗೆ ಕೋಳಿ ಎಲ್ಲಿಂದ ಬಂತು ಎಂದು ಕೇಳಬೇಡಿ. ಪಕ್ಕದ ಮನೆಯದು. ಕೋಲು ಎಸೆದದ್ದು ಅದಕ್ಕೇ.) ಕೊಡ ಹೊರುವುದು ಯಾವ ಒಲೆ ಎಂದು ಹೇಳುವ ಬದಲು ಒಂದು ಕೊಡ ಹೊತ್ತರೆ ಆಗದೇ ಎಂದು ಶಿವಲೀಲಾ ಕೇಳಿದ್ದುಂಟು. ಮೇಷ್ಟ್ರು ಅದಕ್ಕೆ, ತಾನು ಸೈದ್ಧಾಂತಿಕ ವಿಭಾಗದವನು ಎಂದರು.

ಜುಲೈ ಮಧ್ಯದ ಒಂದು ಶನಿವಾರ ಸೈದ್ಧಾಂತಿಕ ವಿಭಾಗಕ್ಕೆ ಸಂಕಟ ಬಂತು. ಶಿವಲೀಲಾ ಹಿತ್ತಲಲ್ಲಿ ಒಡೆದ ಗಾಜು ತುಳಿದಳು. ಅಂಗಾಲು ಸೀಳಿ ನಾಲ್ಕು ಹೊಲಿಗೆ ಬಿತ್ತು. ಡಾಕ್ಟರು ಸೂಜಿ ಚುಚ್ಚಿ, ಪಟ್ಟಿ ಸುತ್ತಿ, ಹತ್ತು ದಿನ ಕೆಸರಿಗೆ ಕಾಲಿಟ್ಟರೆ ಆಮೇಲೆ ಕಾಲನ್ನು ತಮ್ಮ ಹತ್ತಿರ ತರುವುದು ಬೇಡ ಎಂದು ಹೇಳಿ ಕಳಿಸಿದರು.

ಕೆಸರಿಗೆ ಕಾಲಿಡುವ ಹಾಗಿಲ್ಲವೆಂದರೆ ಬೇರೆ ತಿಂಗಳಲ್ಲಿ ಯಾರೂ ಅಳುವುದಿಲ್ಲ. ಆದರೆ ಇದು ನಾಟಿ ಕಾಲ. ಆ ಊರಿನಲ್ಲಿ ಹತ್ತು ಮನೆಯ ಹೆಂಗಸರದು ಒಂದು ಮುಯ್ಯಾಳು ಗುಂಪು. ನಿಮ್ಮ ಗದ್ದೆಗೆ ನಾವು ಬರುತ್ತೇವೆ, ನಮ್ಮ ಗದ್ದೆಗೆ ನೀವು ಬನ್ನಿ. ಮನೆಗೆ ಒಬ್ಬರಂತೆ ಹತ್ತು ಜನ ಹತ್ತೂ ಗದ್ದೆಗೆ ಇಳಿಯಬೇಕು. ಕೂಲಿ ಇಲ್ಲ, ಊಟ ಉಂಟು. (ಗದ್ದೆಯೊಳಗೆ ಜಾತಿಯೂ ಇಲ್ಲ. ಬದು ಹತ್ತಿ ಊಟಕ್ಕೆ ಕೂತ ತಕ್ಷಣ ಅದು ಎಲ್ಲಿಂದಲೋ ಎದ್ದು ಬಂದು ನಡುವೆ ಕೂರುತ್ತದೆ. ಅದು ಬೇರೆ ಕಥೆ.) ನಿಯಮ ಒಂದೇ: ಯಾವ ಮನೆ ಒಂದು ದಿನ ಆಳು ತಪ್ಪಿಸಿತೋ ಆ ಮನೆಯ ಗದ್ದೆಗೆ ಆ ವರ್ಷ ಗುಂಪು ಇಳಿಯುವುದಿಲ್ಲ.

ಎಂಟು ಮನೆಯ ಗದ್ದೆ ಮುಗಿದಿತ್ತು. ಎಂಟಕ್ಕೂ ಶಿವಲೀಲಾ ಹೋಗಿ ಸೊಂಟ ಮುರಿದುಕೊಂಡು ಬಂದಿದ್ದಳು. ಉಳಿದದ್ದು ಎರಡು. ಸೋಮವಾರ ಗುರುಶಾಂತಮ್ಮನದು, ಗುರುವಾರ ಇವರದು. ಇವರ ಒಂದೂವರೆ ಎಕರೆಗೆ ಹಾಕಿದ್ದ ಸಸಿಗೆ ಆಗಲೇ ಮೂವತ್ತು ದಿನ. ಇನ್ನೊಂದು ವಾರ ತಡೆದರೆ ಸಸಿ ಗೆಣ್ಣು ಬೀಳುತ್ತದೆ. ಗೆಣ್ಣು ಬಿದ್ದ ಸಸಿ ನೆಟ್ಟವನಿಗೆ ದನಕ್ಕೆ ಹುಲ್ಲು ಸಿಗುತ್ತದೆ, ಮನೆಗೆ ಭತ್ತ ಸಿಗುವುದಿಲ್ಲ. ಸೋಮವಾರ ಆಳು ತಪ್ಪಿದರೆ ಗುರುವಾರ ಗುಂಪಿಲ್ಲ, ಗುಂಪಿಲ್ಲದಿದ್ದರೆ ಆ ವರ್ಷ ಅಂಗಡಿ ಅಕ್ಕಿ. ಕೂಲಿ ಆಳು ಹುಡುಕೋಣವೆಂದರೆ, ಆ ದಿನಗಳಲ್ಲಿ ಮಗ್ಗೆ ಕಡೆ ಖಾಲಿ ಕೂತ ಆಳು ಸಿಗುವುದಕ್ಕಿಂತ ಖಾಲಿ ಕೂತ ಮಂತ್ರಿ ಸಿಗುವುದು ಸುಲಭ.

"ನಾನು ಹೋಗ್ತೀನಿ," ಎಂದರು ಮೇಷ್ಟ್ರು.

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

"ಎಲ್ಲಿಗೆ?" ಎಂದಳು ಶಿವಲೀಲಾ.

"ಗುರುಶಾಂತಮ್ಮನ ಗದ್ದೆಗೆ. ಮನೆಗೊಂದು ಆಳು ಅಂತ ತಾನೇ ಐತೆ, ಹೆಣ್ಣಾಳೇ ಬೇಕು ಅಂತ ಎಲ್ಲೈತೆ? ನಾಟಿ ಅಂದ್ರೆ ಏನು? ಸಸಿ ಎಸೆಯೋದು, ಸಸಿ ಹೊರೋದು, ಸಸಿ ನೆಡೋದು. ಒಂದು, ಎರಡು, ಮೂರು. ಮೂರು ಒಲೆಗೂ ಮೂರು ಕೆಲಸ. ನೀವೆಲ್ಲ ಮೈಮುರಿದು ಮಾಡ್ತೀರಿ, ವೈಜ್ಞಾನಿಕವಾಗಿ ಮಾಡೋರು ಯಾರೂ ಇಲ್ಲ."

"ರೀ, ನೀವು ಕೊನೇ ಸಲ ಗದ್ದೆಗೆ ಇಳಿದದ್ದು ನಮ್ಮ ಮದುವೆ ವರ್ಷ. ಅದೂ ಜಾರಿ."

"ಹೋಗ್ಲಿ ಬುಡೇ," ಎಂದರು ತಾಯಮ್ಮ. "ಹೆಣ ಹೋದ್ರೂ ಆಳು ಹೋದಂಗೇ ಲೆಕ್ಕ."

ಸೋಮವಾರ ಮೇಷ್ಟ್ರು ಸಿ.ಎಲ್. ಹಾಕಿ, ಸರ್ಕಾರಿ ಟ್ರ್ಯಾಕ್ ಪ್ಯಾಂಟನ್ನು ಮಂಡಿಯವರೆಗೆ ಮಡಿಚಿ, ಗುರುಶಾಂತಮ್ಮನ ಗದ್ದೆಗೆ ಹಾಜರಾದರು. ಒಂಬತ್ತು ಹೆಂಗಸರು ಮಳೆ ತಡೆಯುವ ಗೊಪ್ಪೆಯನ್ನು ತಲೆಯಿಂದ ಬೆನ್ನಿಗೆ ಹಾಕಿಕೊಂಡು ಸಾಲು ಹಿಡಿದಿದ್ದರು. ಗುಂಪಿನ ಯಜಮಾನ್ತಿ ಚೌಡಮ್ಮನಿಗೆ ಅರವತ್ತು ದಾಟಿತ್ತು. ಎಲೆಅಡಿಕೆ ಜಗಿಯುವ ಬಾಯಿ, ಬಗ್ಗಿದರೆ ಸಂಜೆಯೇ ಏಳುವ ಬೆನ್ನು. ಗುರುಶಾಂತಮ್ಮನ ಗಂಡ ನಂಜುಂಡ ಸೊಂಟನೋವೆಂದು ಬದುವಿನ ಮೇಲೆ ಬೀಡಿ ಹಚ್ಚಿ ಕೂತಿದ್ದ. ಅವನ ಸೊಂಟನೋವು ಪ್ರತಿ ವರ್ಷ ಸಸಿ ಮೇಲೇಳುವ ಹೊತ್ತಿಗೇ ಏಳುತ್ತಿತ್ತು.

"ಬನ್ನಿ ಮೇಷ್ಟ್ರೇ," ಎಂದಳು ಚೌಡಮ್ಮ. "ನಮ್ಮದೊಂದು ಕಾನೂನೈತೆ, ಮೊದ್ಲೇ ಹೇಳ್ತೀನಿ. ನೆಡ್ತಾ ಬಾಯಿ ಮುಚ್ಚಂಗಿಲ್ಲ. ಯಾರ ಮಾತು ನಿಂತೋಯ್ತೋ ಅವರಿಗೆ ಉಸಿರು ಸಾಲ್ತಾ ಇಲ್ಲ ಅಂತ. ಅವರು ಬದುವಿಗೆ ಹೋಗಿ ಎರಡೆಲೆ ಹಾಕ್ಕೊಂಡು ಬರೋದು."

ಇದನ್ನೇ ಹಾಸನದಲ್ಲಿ ಸೂಟು ಹಾಕಿದ ಒಬ್ಬರು ಪರದೆಯ ಮೇಲೆ ಚಿತ್ರ ಬಿಟ್ಟು ಅರ್ಧ ದಿನ ಹೇಳಿದ್ದರು: ಮೂರನೇ ಒಲೆ ಸರಿಯಾಗಿ ಉರಿಯುತ್ತಿರುವವನು ಕೆಲಸ ಮಾಡುತ್ತಲೇ ಮಾತಾಡಬಲ್ಲ. ಮೇಷ್ಟ್ರು ಅಲ್ಲೇ ಎರಡು ನಿಮಿಷ ನಿಂತು ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಯೋಚಿಸುವವರಲ್ಲ, ಕಲಿಸುವವರು.

"ಸಸಿ ಎಸೆಯೋದು ನಂಗೆ ಬಿಡಿ," ಎಂದರು.

ಬದುವಿನ ಮೇಲೆ ರಾಶಿ ಹಾಕಿದ್ದ ಸಸಿಕಟ್ಟುಗಳನ್ನು ನೆಡುವವರ ಹಿಂದೆ ಅಲ್ಲಲ್ಲಿ ಬೀಳುವಂತೆ ಎಸೆಯಬೇಕು. ಮೇಷ್ಟ್ರು ಒಂದು ಕಟ್ಟನ್ನು ಕತ್ತಿನ ಬಳಿ ಇಟ್ಟುಕೊಂಡು, ಒಂದು ಸುತ್ತು ಸುತ್ತಿ, ಗುಂಡು ಎಸೆಯುವ ಶೈಲಿಯಲ್ಲಿ ಬಿಟ್ಟರು. ಅದು ಗುರುಶಾಂತಮ್ಮನ ಗದ್ದೆ ದಾಟಿ ಪಕ್ಕದವರ ಗದ್ದೆಯಲ್ಲಿ ಬಿತ್ತು. ಎರಡನೆಯದು ಗುರುಶಾಂತಮ್ಮನ ಬೆನ್ನ ಮೇಲೆ. ಮೂರು, ನಾಲ್ಕು, ಐದು ಒಂದರ ಹಿಂದೊಂದು ಹೋದವು. ಒಂಬತ್ತು ಹೆಂಗಸರಿಗೂ ತಲೆಯಿಂದ ಕಾಲಿನವರೆಗೆ ಕೆಸರು. ಆರನೆಯದು ಎತ್ತುವ ಹೊತ್ತಿಗೆ ಮೇಷ್ಟ್ರು ಕೂತುಬಿಟ್ಟರು.

"ಯಾಕ್ ಮೇಷ್ಟ್ರೇ ಕೂತ್ರಿ?"

"ತುಂಬ್ಕೊಳ್ತಾ ಇದೀನಿ."

"ಏನನ್ನ?"

"ಸರಕು. ಮೂರು ನಿಮಿಷ ಬೇಕು."

"ಏನ್ ತುಂಬ್ತಾ ಐತೋ ಏನೋ," ಎಂದಳು ಗುರುಶಾಂತಮ್ಮ ಬೆನ್ನು ತಿಕ್ಕಿಕೊಳ್ಳುತ್ತಾ. "ಎದ್ದು ಇನ್ನೈದು ಎಸೆದ್ರೆ ನಮ್ಮನ್ನೇ ನೆಟ್ಟುಬುಡ್ತಾರೆ."

ಬದುವಿನ ಮೇಲಿನ ರಾಶಿ ಮುಗಿಯಿತು. ಸಸಿಮಡಿ ಇದ್ದದ್ದು ಕೆಳಗೆ, ಹಳ್ಳದ ಪಕ್ಕ. ಅಲ್ಲಿಂದ ಮೇಲಿನ ಗದ್ದೆಗೆ ಹನ್ನೊಂದು ಬದು ಹತ್ತಬೇಕು. ನೀರು ಸೋರುವ ಸಸಿಹೊರೆಯೆಂದರೆ ಒದ್ದೆ ಕಂಬಳಿ ಸುತ್ತಿದ ಕರುವಿನ ತೂಕ. ಹೊರುವವರು ಮಾಮೂಲಾಗಿ ನಾಲ್ಕು ಬದು ಹತ್ತಿ, ನಿಂತು, ಯಾರನ್ನಾದರೂ ಬೈದು, ಮತ್ತೆ ನಾಲ್ಕು ಹತ್ತುತ್ತಾರೆ. ಮೇಷ್ಟ್ರ ಪ್ರಕಾರ ಅದು ಅಜ್ಞಾನ. ಎರಡನೇ ಒಲೆಯ ಉರಿ ಇರುವುದೇ ಎರಡು ನಿಮಿಷ, ಆದ್ದರಿಂದ ಅಷ್ಟರೊಳಗೆ ಓಡಿ ಮುಗಿಸಬೇಕು. ಹೊರೆಯನ್ನು ತಲೆಗೇರಿಸಿಕೊಂಡು ಓಡಿದರು. ನಾಲ್ಕನೇ ಬದುವಿಗೆ ತೊಡೆಯಲ್ಲಿ ಮೆಣಸಿನಕಾಯಿ ಬಿತ್ತು. ಆರನೆಯದಕ್ಕೆ ಯಾರೋ ಅರೆಯತೊಡಗಿದರು. ಏಳನೆಯದರ ಮೇಲೆ ಕಾಲುಗಳು, ನೋಟೀಸೂ ಕೊಡದೆ, ಮುಷ್ಕರ ಹೂಡಿದವು. ಮೇಷ್ಟ್ರು ಹೊರೆ ಸಮೇತ ಹಿಂದಕ್ಕೆ ಕೂತು, ಕೂತಲ್ಲಿಂದ ಜಾರಿ, ಆರು, ಐದು, ನಾಲ್ಕು ಎಂದು ಬದುಗಳನ್ನು ವಾಪಸ್ ಎಣಿಸುತ್ತಾ ಇಳಿದರು. ಅವರು ನಿಂತ ಮೇಲೂ ಸಸಿಕಟ್ಟುಗಳು ಹಳ್ಳದ ಕಡೆ ಪ್ರಯಾಣ ಮುಂದುವರಿಸಿದವು.

"ಏನಾರೂ ಮುರೀತಾ?" ಎಂದು ನಂಜುಂಡ ಮೇಲಿನಿಂದಲೇ ವಿಚಾರಿಸಿದ. ಎದ್ದು ಬರಲಿಲ್ಲ. ಸೊಂಟನೋವು.

ಉಳಿದದ್ದು ನೆಡುವುದು. ಅಲ್ಲಿ ಮೇಷ್ಟ್ರು ಚೆನ್ನಾಗಿಯೇ ಶುರುಮಾಡಿದರು. ಸಾಲಿನ ನಡುವೆ ಬಗ್ಗಿ, ಎಡಗೈಯಲ್ಲಿ ಸಸಿ, ಬಲಗೈಯಲ್ಲಿ ನಾಟಿ, ಬಾಯಲ್ಲಿ ಉಪನ್ಯಾಸ. ಪಿತ್ತಕೋಶದ ಪಕ್ಕದಲ್ಲಿರುವ ಯಕೃತ್ತು ಎಂಬ ಉಗ್ರಾಣದಲ್ಲಿ ಸಕ್ಕರೆ ಎಷ್ಟು ದಾಸ್ತಾನಿರುತ್ತದೆ, ಅದು ಮುಗಿದರೆ ಓಟಗಾರ ಹೇಗೆ ಗೋಡೆಗೆ ಡಿಕ್ಕಿ ಹೊಡೆದಂತೆ ಬೀಳುತ್ತಾನೆ, ಎಲ್ಲವನ್ನೂ ಹೇಳಿದರು. ಹೆಂಗಸರೂ ಬಾಯಿ ಆಡಿಸುತ್ತಿದ್ದರು: ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ಆನೇಮಹಲ್ಲಿನಿಂದ ಬಂದ ಗಂಡು ಹುಡುಗಿಯನ್ನು ನೋಡುವುದು ಬಿಟ್ಟು ಉಪ್ಪಿಟ್ಟನ್ನೇ ಹೇಗೆ ನೋಡುತ್ತಿದ್ದ. ಒಂದೇ ಸಮ ಮಾತು, ಒಂದೇ ಸಮ ಕೈ. ಗಡಿಬಿಡಿ ಇಲ್ಲ. ನೋಡಿದರೆ ಏನೂ ನಡೆಯುತ್ತಿಲ್ಲವೆನಿಸುವುದು, ಕಣ್ಣು ಮಿಟುಕಿಸಿದರೆ ಒಂದು ಮಡಿ ಹಸಿರು.

ಹತ್ತು ನಿಮಿಷಕ್ಕೆ ಮೇಷ್ಟ್ರ ಉಪನ್ಯಾಸದಲ್ಲಿ ಅಲ್ಪವಿರಾಮಗಳು ಹೆಚ್ಚಿದವು. ಹದಿನೈದಕ್ಕೆ ಕ್ರಿಯಾಪದಗಳು ಉದುರಿದವು. ಅಕ್ಕಪಕ್ಕದವರು ನೆಡುತ್ತಾ ನೆಡುತ್ತಾ ಹಿಂದಕ್ಕೆ ಸರಿದು, ಎರಡೂ ಕಡೆಯಿಂದ ಸಾಲು ಕೂಡಿಸಿಬಿಟ್ಟಿದ್ದರು. ಮೇಷ್ಟ್ರ ಸುತ್ತ ನಾಲ್ಕೂ ಕಡೆ ನೆಟ್ಟ ಸಸಿ, ನಡುವೆ ಮಂಚದಷ್ಟು ಕೆಸರಿನಲ್ಲಿ ಮೇಷ್ಟ್ರು. ಮಾತು ಪೂರಾ ನಿಂತಿತು.

ಚೌಡಮ್ಮ ಕಿವಿ ಕೊಟ್ಟು ಕೇಳಿದಳು. "ಮೇಷ್ಟ್ರ ದನಿ ಇಲ್ಲ ಕಣ್ರವ್ವಾ. ಎತ್ತಿ."

ಧರಣಿ ಕೂತವನನ್ನು ಪೊಲೀಸರು ಎತ್ತಿ ವ್ಯಾನಿಗೆ ಹಾಕುವ ಹಾಗೆ ಇಬ್ಬರು ರಟ್ಟೆ ಹಿಡಿದು ಎತ್ತಿ ತಂದು ಅವರನ್ನು ಬದುವಿಗೆ ಹಾಕಿದರು. ನಂಜುಂಡ ಜರುಗಿ ಜಾಗ ಕೊಟ್ಟ. ಸಂಜೆಯವರೆಗೂ ಅವರು ಅಲ್ಲೇ ಇದ್ದರು.

ಕೆಲಸ ಮುಗಿದ ಮೇಲೆ ಚೌಡಮ್ಮ ನ್ಯಾಯ ಹೇಳಿದಳು. "ಆಳು ಬಂದದ್ದು ನಿಜ. ಗೇಯದಿದ್ರೂ ಬಿದ್ದದ್ದಂತೂ ಗದ್ದೇಲೇ. ಶಿವಲೀಲನ ಮನೆ ಸರದಿ ತಪ್ಪಲ್ಲ. ಗುರುವಾರ ಬತ್ತೀವಿ."

ಸಸಿ ಉಳಿಯಿತು, ಗದ್ದೆ ಉಳಿಯಿತು, ಮಾನ ಕಾಲುಭಾಗವಾದರೂ ಉಳಿಯಿತು. ಮೇಷ್ಟ್ರು ಕೈಮುಗಿದು ಮನೆಗೆ ಹೋಗಬೇಕಿತ್ತು. ಏಳಲು ಒಂದು ಕಾಲನ್ನು ಗದ್ದೆಗೆ ಇಳಿಸಿಯೂ ಇದ್ದರು. ಅಷ್ಟರಲ್ಲಿ ಗುರುಶಾಂತಮ್ಮ, ಯಾವ ದುರುದ್ದೇಶವೂ ಇಲ್ಲದೆ, ಅನುಕಂಪದಿಂದಲೇ ಒಂದು ಮಾತೆಂದಳು: "ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ನಮ್ಮನೇರೂ ಇಂಗೇಯ. ಗಂಡಸ್ರ ಮೈಯೇ ಇಷ್ಟು."

ನಗುವನ್ನು ತಡೆದುಕೊಳ್ಳಬಹುದು, ಅನುಕಂಪವನ್ನು ತಡೆದುಕೊಳ್ಳುವುದು ಕಷ್ಟ. ಅದೂ ನಂಜುಂಡನ ಜೊತೆ ಒಂದೇ ತಕ್ಕಡಿಯಲ್ಲಿ.

"ಗಂಡಸ್ರ ಮೈಗೇನೂ ಆಗಿಲ್ಲ," ಎಂದರು ಮೇಷ್ಟ್ರು. "ಹೇಳಿಕೊಡೋರಿಲ್ಲ, ಅಷ್ಟೇ. ಗುರುವಾರ ನಮ್ಮ ಗದ್ದೆಗೆ ನೀವು ಒಬ್ಬರೂ ಬರಬೇಡಿ. ನಿಮ್ಮ ಗಂಡಂದಿರನ್ನ ಕಳಿಸಿ. ಒಂಬತ್ತು ಜನನೂ. ಸಾಯಂಕಾಲದೊಳಗೆ ನಾಟಿ ಮುಗಿಸಿ ತೋರಿಸ್ತೀನಿ."

ಚೌಡಮ್ಮ ಅವರ ಕಾಲ ಕಡೆ ನೋಡಿದಳು. ಮುಯ್ಯಿ ಮಾತನ್ನು ಕಾಲು ಕೆಸರಲ್ಲಿರುವಾಗ ಆಡಿದರೆ ಅದು ಹಿಂದಕ್ಕಿಲ್ಲ, ಅಜ್ಜಿಯಂದಿರ ಕಾಲದಿಂದ ಹಾಗೆ.

"ಒಂದು ಕಾಲು ಬದುವಿನ ಮೇಲೈತೆ," ಎಂದು ಮೇಷ್ಟ್ರು, ಆಗ ಅರಿವು ಬಂದು, ಮೆಲ್ಲಗೆ ಹೇಳಿದರು.

"ಇನ್ನೊಂದು ಎಲ್ಲೈತೆ?" ಎಂದಳು ಚೌಡಮ್ಮ.

ಸರ್ಕಾರದ ಆದೇಶಕ್ಕಾದರೆ ತಡೆಯಾಜ್ಞೆ ತರಬಹುದು. ಚೌಡಮ್ಮನ ಮಾತಿಗೆ ಮೇಲ್ಮನವಿ ಇಲ್ಲ.

ಮನೆಯಲ್ಲಿ ಶಿವಲೀಲಾ ಕೂಗಾಡಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ಮಣ್ಣಿನ ದಿಂಡಿನ ಮೇಲೆ ಇಟ್ಟುಕೊಂಡು, ವಕೀಲರ ಹಾಗೆ ಒಂದೊಂದೇ ಪ್ರಶ್ನೆ ಹಾಕಿದಳು.

"ಅವರಾಗೇ ಬತ್ತೀವಿ ಅಂದ್ರಾ?"

"ಅಂದ್ರು."

"ಆಮೇಲೆ ನೀವು ಬರಬೇಡಿ ಅಂದ್ರಾ?"

"ಅಂದೆ."

"ನಾನು ಎಂಟು ಗದ್ದೆಗೆ ಬಗ್ಗಿದ್ದು ಯಾವುದಕ್ಕೆ ಅಂತ ಗೊತ್ತೈತಾ?"

ಮೇಷ್ಟ್ರು ಟ್ರ್ಯಾಕ್ ಪ್ಯಾಂಟಿಗೆ ಮೆತ್ತಿದ್ದ ಕೆಸರನ್ನು ಉಗುರಿನಿಂದ ಕೆರೆಯತೊಡಗಿದರು.

"ಸರಿ," ಎಂದಳು. "ಸಸಿ ಗೆಣ್ಣು ಬಿದ್ರೆ, ಕಾರ್ತಿಕಕ್ಕೆ ನಿಮ್ಮ ಮೂರೂ ಒಲೆ ಮೇಲೆ ಬರೀ ನೀರಿಟ್ಟು ಬಡಿಸ್ತೀನಿ."

ನಡುವೆ ಎರಡು ದಿನ ಗದ್ದೆ ಉತ್ತು ಹದ ಮಾಡಿಸುವುದರಲ್ಲಿ ಹೋಯಿತು. ಗುರುವಾರ ಬೆಳಿಗ್ಗೆ ಒಂಬತ್ತು ಗಂಡಂದಿರು ಬಂದರು. ಹೆಂಡಿರು ಕಳಿಸಿದ್ದರು ಎನ್ನುವುದಕ್ಕಿಂತ ಅಟ್ಟಿದ್ದರು ಎನ್ನಬೇಕು. ಬಂದವರೇ ಮೊದಲು ನಲವತ್ತು ಅಕ್ಕಿರೊಟ್ಟಿ, ಒಂದು ಹಂಡೆ ಹುರುಳಿಕಾಳಿನ ಸಾರು ಮುಗಿಸಿದರು. ಶಿವಲೀಲಾ ಗದ್ದೆಯ ತಲೆಗಟ್ಟಿನಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು, ಕಾಲು ನೀಡಿ ಕೂತಳು. ಕಟ್ಟುಕಟ್ಟಾಗಿ ಕಿತ್ತಿಟ್ಟಿದ್ದ ಸಸಿಯನ್ನೇ ನೋಡುತ್ತಿದ್ದಳು. ಕಿತ್ತ ಸಸಿಗೆ ನಾಳೆ ಇಲ್ಲ, ಇವತ್ತೇ ನೆಡಬೇಕು.

ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ಸಾಲು ನಿಲ್ಲಿಸಿ ಮೂರು ಒಲೆ ವಿವರಿಸಿದರು. ಸೋಮವಾರದ ತಪ್ಪು ಏನೆಂದರೆ, ಒಬ್ಬನೇ ಮೂರೂ ಒಲೆ ಉರಿಸಲು ಹೋದದ್ದು. ಇವತ್ತು ಮೈಗೆ ತಕ್ಕ ಹಾಗೆ ಮೂರು ತಂಡ. ಗರಿಯವರು ಹತ್ತು ಸೆಕೆಂಡು ಎಸೆದು ಮೂರು ನಿಮಿಷ ಕೂರುವುದು. ಪುಳ್ಳೆಯವರು ಎರಡು ನಿಮಿಷ ಹೊತ್ತು, ಆಮೇಲೆ ನಿಧಾನಕ್ಕೆ ಓಡಾಡಿ ದಣಿವಾರಿಸಿಕೊಳ್ಳುವುದು. ಹೊಟ್ಟಿನವರು ಸಂಜೆತನಕ ನಿಲ್ಲಿಸದೆ ನೆಡುವುದು.

"ಯಾರ್ ಯಾರು ಯಾವ ತಂಡ, ನೀವೇ ಹೇಳಿ."

ಆ ಊರಿನ ಇತಿಹಾಸದಲ್ಲಿ ಒಂಬತ್ತು ಗಂಡಸರು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಹಾಲಿನ ಡೈರಿ ಬೇಕೋ ಬೇಡವೋ ಎಂಬುದಕ್ಕೆ ಮೂರು ವರ್ಷ ಹೊಡೆದಾಡಿದವರು, ಈಗ ಒಬ್ಬನೂ ತಕರಾರೆತ್ತದೆ ಗರಿಯ ತಂಡದಲ್ಲಿ ನಿಂತರು.

"ನಂದು ಹುಟ್ಟಿದಾಗಿಂದ್ಲೂ ಗರಿ ಮೈ ಕಣ್ರೀ," ಎಂದ ಚೌಡಮ್ಮನ ಗಂಡ ಭೂತಯ್ಯ. "ಧಗ್ ಅಂತ ಹತ್ಕೊಂಡು ಹೋಗ್ಬುಡ್ತದೆ. ಬೇಕಾದ್ರೆ ಚೌಡಿನೇ ಕೇಳಿ."

"ಎಲ್ಲರೂ ಎಸೆದ್ರೆ ನೆಡೋರ್ ಯಾರ್ರೀ?"

"ಅದು ನಿಮ್ಮ ವಿಜ್ಞಾನ ನೋಡ್ಕೋಬೇಕು ಮಾರಾಯ್ರೇ."

ಚೀಟಿ ಎತ್ತಿ ತಂಡ ಮಾಡಿದ್ದಾಯಿತು. ಏನೂ ಉಪಯೋಗವಾಗಲಿಲ್ಲ. ನೆಡಲು ಬಗ್ಗಿದವನೂ ಹತ್ತು ಸಸಿ ಊರಿ ಬದುವಿಗೆ ಬಂದು ಕೂರುತ್ತಿದ್ದ. ಕೇಳಿದರೆ, ತುಂಬಿಕೊಳ್ಳುತ್ತಿದ್ದೇನೆ ಎನ್ನುತ್ತಿದ್ದ. ಮೂರು ನಿಮಿಷವಾಯಿತು ಎಂದರೆ, ಗಡಿಯಾರ ನಿಮ್ಮದು, ಮೈ ನನ್ನದು ಎನ್ನುತ್ತಿದ್ದ. ಸೀಟಿ ಊದಿ ಊದಿ ಮೇಷ್ಟ್ರ ಕೆನ್ನೆ ಬಾತಿತು. ನಂಜುಂಡನಂತೂ ಸೊಂಟನೋವು ಎಂಬ ಹಳೆಯ ಹೆಸರನ್ನೇ ಕೈಬಿಟ್ಟ.

"ಇಷ್ಟು ವರ್ಷ ನಂಗೂ ಗೊತ್ತಿರಲಿಲ್ಲ ಮೇಷ್ಟ್ರೇ," ಎಂದ ಭಕ್ತಿಯಿಂದ. "ಸೋಮಾರಿ, ಸೋಮಾರಿ ಅಂತ ಹೆಂಡ್ತಿ ಬೈತಿದ್ಲು. ಇದು ಮೈಯ ರಚನೆ."

ಹನ್ನೆರಡು ಗಂಟೆಗೆ ಒಂದೂವರೆ ಎಕರೆಯಲ್ಲಿ ನಾಟಿಯಾದದ್ದು ಮೂರು ಮಡಿ. ಅದೂ ಸಾಲಲ್ಲ; ಕುಡಿದವನು ಸಕಲೇಶಪುರದ ಘಾಟಿ ಇಳಿದ ಹಾಗೆ. ಅರ್ಧ ಸಸಿ ಆಗಲೇ ಬೇರು ಬಿಡಿಸಿಕೊಂಡು ನೀರಿನ ಮೇಲೆ ಈಜುತ್ತಿತ್ತು. ಉಳಿದ ಕಟ್ಟುಗಳು ಬದುವಿನ ಮೇಲೆ ಬಾಡತೊಡಗಿದ್ದವು. ಮೇಷ್ಟ್ರು ಹೆಂಡತಿಯ ಕಡೆ ನೋಡಲಿಲ್ಲ. ನೋಡದಿದ್ದರೂ ಅವಳು ನೋಡುತ್ತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು.

ಕೊನೆಗೆ ತಾವೇ ಸ್ಟೂಲಿನ ಹತ್ತಿರ ಬಂದರು. "ಲೀಲಾ. ಚೌಡಮ್ಮನ್ನ ಕರೆಸೋಣ್ವಾ?"

"ಯಾರು ಕರೀಬೇಕು?"

"ನಾನೇ."

"ನಾನೇ ಅಂತ ಅತ್ತೆ ಮುಂದೆ ಹೇಳಿ. ನಾಳೆ ನಾನು ಕರೆದದ್ದು ಅಂತ ಆಗಬಾರ್ದು."

ಹೇಳಿದರು. ಎಪ್ಪತ್ತೆಂಟರ ತಾಯಮ್ಮ ಕೋಲು ಹಿಡಿದು, ಸಿಕ್ಕ ಸಿಕ್ಕ ಬೇಲಿಯ ಗಿಡದ ಜೊತೆಯೂ ಮಾತಾಡುತ್ತಾ ಹೊರಟರು. ಚೌಡಮ್ಮನ ಜಗಲಿಯವರೆಗೂ ಹೋಗುವುದೇ ಬೇಕಾಗಲಿಲ್ಲ. ತಿರುವಿನಲ್ಲೇ ಒಂಬತ್ತು ಹೆಂಗಸರು ಸೀರೆ ಕಚ್ಚೆ ಕಟ್ಟಿ, ಗೊಪ್ಪೆ ಹಿಡಿದು, ಎಲೆ ಹಾಕಿಕೊಂಡು, ಬೆಳಿಗ್ಗೆಯಿಂದ ಕೂತಿದ್ದರು.

ಅವರು ಬಂದು ಮೊದಲು ಗಂಡಂದಿರು ನೆಟ್ಟದ್ದನ್ನು ಕಿತ್ತರು. ಆಮೇಲೆ ಸಾಲು ಹಿಡಿದರು. ಬಾಯಿಯೂ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ಆನೇಮಹಲ್ಲಿನ ಗಂಡು ಕೊನೆಗೆ ಉಪ್ಪಿಟ್ಟನ್ನು ಒಪ್ಪಿದನೆಂದು ಗೊತ್ತಾಯಿತು. ಬೆಳಕು ಕಂದುವ ಮೊದಲು ಒಂದೂವರೆ ಎಕರೆಯೂ ಹಸಿರಾಯಿತು. ಒಂದು ಕಟ್ಟು ಸಸಿ ಕೂಡ ಹಾಳಾಗಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಒಬ್ಬೊಬ್ಬರಿಗೂ ಕೈಮುಗಿದು, "ಉಪಕಾರ ಮರೆಯಲ್ಲ" ಎಂದರು.

"ಉಪಕಾರ ಯಾಕೆ?" ಎಂದಳು ಚೌಡಮ್ಮ ಕೈ ತೊಳೆಯುತ್ತಾ. "ಮುಯ್ಯಿ ತೀರಿಸಿದ್ರೆ ಆಯ್ತು. ಒಂಬತ್ತು ಆಳು."

"ಅದು ಲೀಲಾ ಎಂಟು ದಿನ, ನಾನೊಂದು ದಿನ ಬಂದಿದ್ವಲ್ಲ..."

"ಅದನ್ನ ತೀರಿಸಕ್ಕೇ ಬತ್ತೀವಿ ಅಂದ್ವಿ. ನೀವು ಬೇಡ ಅಂದ್ರಿ. ಕೆಸರಲ್ಲಿ ಕಾಲಿಟ್ಟು ಅಂದ್ರಿ, ನಿಮ್ಮದೊಂದು ದಿನ ಅಲ್ಲಿಗೇ ಹೋಯ್ತು. ಶಿವಲೀಲನ ಎಂಟು ದಿನ ಹಂಗೇ ಐತೆ, ಅವಳಿಗೆ ಬೇಕಾದಾಗ ಕರೀತಾಳೆ, ಬತ್ತೀವಿ. ಇವತ್ತಿಂದು ನೀವು ಕರೆಸಿದ್ದು. ನಿಮ್ಮದು."

ಬದುವಿನ ಮೇಲಿಂದ ನಂಜುಂಡ ಎದ್ದ. ಬೆಳಿಗ್ಗೆಯಿಂದ ಅವನು ತಾನಾಗಿ ಎದ್ದದ್ದು ಅದೇ ಮೊದಲು. "ನಾವೂ ಒಂಬತ್ತು ಜನ ಬಂದಿದೀವಿ ಮೇಷ್ಟ್ರೇ."

"ನೀವು ಬಂದು ಏನ್ರೀ ಮಾಡಿದ್ರಿ, ಕೂತ್ರಿ."

"ಕೂತದ್ದು ನಿಮ್ಮ ಬದುವಿನ ಮೇಲೇ ತಾನೆ? ಸೋಮವಾರ ನೀವು ನಮ್ಮ ಬದುವಿನ ಮೇಲೆ ಕೂತದ್ದನ್ನ ಆಳು ಅಂತ ಹಿಡಿದ್ರು. ನಮ್ಮದನ್ನ ಯಾಕೆ ಹಿಡಿಯಲ್ಲ?"

ಎಲ್ಲರೂ ಚೌಡಮ್ಮನ ಕಡೆ ನೋಡಿದರು. ಚೌಡಮ್ಮ ಎಲೆಯ ರಸವನ್ನು ಗದ್ದೆಯಾಚೆ ಉಗಿದಳು. ನಂಜುಂಡನ ಪರವಾಗಿ ನ್ಯಾಯ ಹೇಳುವುದು ಅವಳಿಗೂ ಸಂಕಟವೇ. ಆದರೆ ನ್ಯಾಯ ನ್ಯಾಯವೇ.

"ಹಿಡೀಬೇಕಾಗ್ತದೆ," ಎಂದಳು. "ಹದಿನೆಂಟು."

"ನಾಟಿ ಎಲ್ಲರದ್ದೂ ಮುಗೀತಲ್ಲ?" ಮೇಷ್ಟ್ರು ಕೊನೆಯ ಆಸೆಯಿಂದ ಕೇಳಿದರು.

"ಕಳೆ ಐತೆ. ಗೊಬ್ಬರ ಐತೆ. ಬೇಲಿ ಐತೆ. ಕೆಲಸಕ್ಕೇನು ಕಮ್ಮಿ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಎಂಟು ದಿನದ ಮುಯ್ಯಿ ಕೂಡಿಟ್ಟ ಸಾಹುಕಾರ್ತಿ ಸ್ಟೂಲಿನಿಂದ ಎದ್ದು, ಅತ್ತೆಯ ಹೆಗಲು ಹಿಡಿದು, ಕುಂಟುತ್ತಾ ಮನೆಯ ಕಡೆ ಹೊರಟಿದ್ದಳು. "ಅದು ಬೇರೆ, ಇದು ಬೇರೆ ಕಣ್ರೀ," ಎಂದಳು ತಿರುಗದೆಯೇ.

ಶುಕ್ರವಾರ ಮೇಷ್ಟ್ರು ನೋಯುವ ಸೊಂಟ ಹಿಡಿದುಕೊಂಡು ಸ್ಕೂಲಿಗೆ ಹೋಗಿ, ಹೆಡ್‌ಮಾಸ್ಟರ್ ಬಸವರಾಜು ಅವರ ಮೇಜಿನ ಮೇಲೆ ಹದಿನೆಂಟು ದಿನದ ರಜೆ ಅರ್ಜಿ ಇಟ್ಟರು. ಕಾರಣ ಎಂಬ ಜಾಗದಲ್ಲಿ "ಶರೀರದ ಶಕ್ತಿ ಮೂಲಗಳ ಪ್ರಾಯೋಗಿಕ ಅಧ್ಯಯನ" ಎಂದು ಬರೆದಿದ್ದರು. ಬಸವರಾಜು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನಿಜ ಏನೆಂದು ಕೇಳಿದರು. ಮೇಷ್ಟ್ರು ಎಲ್ಲವನ್ನೂ ಹೇಳಿದರು. ಹೆಡ್‌ಮಾಸ್ಟರು ನಗಲಿಲ್ಲ. ಕುಂದೂರು ಕಡೆಯ ಮನುಷ್ಯ, ಮುಯ್ಯಿ ಎಂದರೇನೆಂದು ತಿಳಿದವರು.

"ಸಿ.ಎಲ್. ಆರೇ ಉಳಿದಿರೋದು," ಎಂದರು ರಿಜಿಸ್ಟರ್ ನೋಡಿ. "ಮಿಕ್ಕ ಹನ್ನೆರಡಕ್ಕೆ ಅರ್ಧ ಸಂಬಳದ ರಜೆ. ಕೊಡಬಾರದು, ಆದ್ರೂ ಕೊಡ್ತೀನಿ. ಕೊಟ್ಟ ಮಾತು ಉಳಿಸ್ಕೋಬೇಕಲ್ಲ ಮನುಷ್ಯ."

"ನಿಮ್ಮ ಉಪಕಾರ ಹೆಂಗೆ ತೀರಿಸಲಿ ಸಾರ್," ಎಂದರು ಮೇಷ್ಟ್ರು. ಬಾಯಿಂದ ಜಾರಿದ ಮೇಲೆ ಕೆಳಗೆ ನೋಡಿದರು. ಆಫೀಸಿನ ನೆಲ ಸಿಮೆಂಟಿನದು. ಆದರೆ ಹೊರಗೆ ಮಳೆ ಬಿದ್ದು, ಅವರ ಎರಡೂ ಚಪ್ಪಲಿಗೆ ಹಿಮ್ಮಡಿಯವರೆಗೆ ಕೆಸರು ಮೆತ್ತಿತ್ತು.

ಬಸವರಾಜು ಸಹಿ ಹಾಕಿ ಪೆನ್ನಿನ ಮುಚ್ಚಳ ತಿರುಗಿಸಿದರು. "ನಮ್ಮದೊಂದು ಮುಕ್ಕಾಲು ಎಕರೆ ನಾಟಿ ಬಾಕಿ ಐತೆ ಮೇಷ್ಟ್ರೇ. ಭಾನುವಾರ ಬಂದ್ಬುಡಿ. ಅದಕ್ಕೆ ರಜಾ ಅರ್ಜಿನೂ ಬೇಕಾಗಲ್ಲ."